ಸೋಮವಾರ ಹೂಡದ ಲಾರಿ

ನಮ್ಮಕ್ಕನ ಮಂಡಕ್ಕಿ ಬಟ್ಟಿಗೆ ಸ್ವಂತ ಲಾರಿ ಕೊಳ್ಳಬೇಕೋ, ಬಾಡಿಗೆ ಲಾರಿಯಲ್ಲೇ ಮಾಲು ಕಳಿಸುತ್ತ ಇರಬೇಕೋ ಎಂಬ ಮಾತು ನಮ್ಮ ಮನೆಯಲ್ಲಿ ಒಂದು ವರ್ಷ ಓಡಾಡಿತು. ಊಟಕ್ಕೆ ಕೂತಾಗ ಬರುತ್ತಿತ್ತು, ಕೈ ತೊಳೆಯುವಾಗ ಹೋಗುತ್ತಿತ್ತು. ಈಗಿನ ಹುಡುಗರು ಇಂಥದ್ದನ್ನು ಕೂಡಿಸಿ ಕಳೆದು ಒಂದು ಮಧ್ಯಾಹ್ನದಲ್ಲಿ ಮುಗಿಸುತ್ತಾರೆ. ನಮ್ಮಲ್ಲಿ ಅದನ್ನು ತೀರ್ಮಾನ ಮಾಡಿದ್ದು ಒಂದು ಶುಕ್ರವಾರ ನಾನು ಮಾಡಿದ ಕೆಲಸ. ಅದರಿಂದ ಒಬ್ಬ ಮನುಷ್ಯನ ಹೆಸರು ಕೆಟ್ಟಿತು. ಆ ಹೆಸರನ್ನು ಸರಿಮಾಡುವ ಅವಕಾಶ ನನಗೆ ಎರಡು ಸಲ ಸಿಕ್ಕಿತು. ಎರಡು ಸಲವೂ ಅರ್ಧಕ್ಕೇ ನಿಂತೆ. ಉಳಿದ ಅರ್ಧವನ್ನು ಈಗ ಬರೆಯುತ್ತಿದ್ದೇನೆ.

ಬಳ್ಳಾರಿ ಮದರಾಸಿಗೆ ಸೇರಿದ್ದ ಕೊನೆಯ ವರ್ಷಗಳು ಅವು. ಊರು ಮೈಸೂರಿಗೆ ಹೋಗುತ್ತದೋ ಆಂಧ್ರಕ್ಕೆ ಹೋಗುತ್ತದೋ ಎಂದು ಕ್ಷೌರದ ಅಂಗಡಿಯಲ್ಲೂ ಜಗಳ ನಡೆಯುತ್ತಿತ್ತು. ಭತ್ತದ ಮೇಲಿನ ಸರಕಾರಿ ಕಂಟ್ರೋಲು ಸಡಿಲಾಗಿ, ಕೊಳ್ಳುವವರು ಮಾರುವವರು ಮತ್ತೆ ಮುಖ ಕೊಟ್ಟು ಮಾತಾಡುವಂತಾಗಿತ್ತು. ನಾನು ಎಸ್ಸೆಸ್ಸೆಲ್ಸಿ ಪಾಸಾಗಿದ್ದೆ. ನೌಕರಿ ಸಿಕ್ಕಿರಲಿಲ್ಲ, ನಿಜ ಹೇಳಬೇಕೆಂದರೆ ಹುಡುಕಿರಲೂ ಇಲ್ಲ.

ಅಕ್ಕ ನನಗಿಂತ ಬಹಳ ದೊಡ್ಡವಳು. ಚಿಕ್ಕ ವಯಸ್ಸಿನಲ್ಲೇ ಗಂಡ ತೀರಿಕೊಂಡ ಮೇಲೆ ಕೊಳಗಲ್ಲಿನ ಅತ್ತೆ ಮನೆ ಬಿಟ್ಟು ಸತ್ಯನಾರಾಯಣಪೇಟೆಯ ನಮ್ಮ ಮನೆಗೆ ಬಂದಳು. ಅಪ್ಪ ಅವ್ವ ಹೋದಾಗ ನನ್ನನ್ನು ಸಾಕಿದವಳೂ ಅವಳೇ. ಮೊದಲು ಹಿತ್ತಲಲ್ಲಿ ಒಂದು ಒಲೆ ಹೂಡಿ, ಕಾದ ಮರಳಿನಲ್ಲಿ ಅಕ್ಕಿ ಹುರಿದು ಮಂಡಕ್ಕಿ ಮಾಡಿ ಓಣಿಯಲ್ಲಿ ಮಾರಿದಳು. ಹೊಗೆಗೆ ನೆರೆಹೊರೆಯವರು ಬೈಯತೊಡಗಿದಾಗ ಊರಂಚಿನಲ್ಲಿ ತಗಡಿನ ಕೊಟ್ಟಿಗೆ ಹಾಕಿ ನಾಲ್ಕು ಒಲೆ ಮಾಡಿದಳು. ಅದೇ ನಮ್ಮ ಬಟ್ಟಿ. ನಾನು ಕಾಲೇಜು ಕಟ್ಟೆ ಹತ್ತದಿದ್ದರೂ ಅವಳ ಕಣ್ಣಿಗೆ ನಾನು ದೊಡ್ಡ ಓದಿನವನು. ಇಂಗ್ಲಿಷ್ ಬೋರ್ಡು ಕಂಡರೆ ನನ್ನಿಂದ ಓದಿಸಿ ಪಕ್ಕದಲ್ಲಿದ್ದವರ ಮುಖ ನೋಡುತ್ತಿದ್ದಳು.

ಮಂಡಕ್ಕಿ ವ್ಯಾಪಾರದ ಕಷ್ಟ ಮಾಡುವುದರಲ್ಲಿಲ್ಲ, ಸಾಗಿಸುವುದರಲ್ಲಿದೆ. ಅದಕ್ಕೆ ತೂಕವಿಲ್ಲ, ಜಾಗ ಮಾತ್ರ ಬೇಕು. ಆಳೆತ್ತರದ ಚೀಲಗಳನ್ನು ಲಾರಿಯ ತುಂಬ ಗೋಪುರ ಕಟ್ಟಿದರೂ ಗಾಲಿ ಒಂದಿಷ್ಟೂ ಕುಗ್ಗುವುದಿಲ್ಲ. ಇನ್ನೊಂದು ಗುಣ: ಪಕ್ಕದಲ್ಲಿ ಏನಿದ್ದರೆ ಅದರ ವಾಸನೆಯನ್ನು ಮಂಡಕ್ಕಿ ಕುಡಿಯುತ್ತದೆ. ಉಳ್ಳಾಗಡ್ಡಿಯ ಜೊತೆ ಹೇರಿದರೆ ಉಳ್ಳಾಗಡ್ಡಿ, ಒಣ ಮೆಣಸಿನಕಾಯಿಯ ಜೊತೆ ಹೇರಿದರೆ ಘಾಟು. ತೇವವನ್ನೂ ಹಾಗೆಯೇ ಎಳೆದುಕೊಂಡು ಮೆತ್ತಗಾಗುತ್ತದೆ. ನಮ್ಮ ಮಾಲು ಹೆಚ್ಚಾಗಿ ಹೋಗುತ್ತಿದ್ದದ್ದು ಕುರುಗೋಡಿಗೆ ಮತ್ತು ಅಲ್ಲಿಂದ ಮುಂದೆ ಸಿರುಗುಪ್ಪಕ್ಕೆ. ಬರುವಾಗ ಅದೇ ಲಾರಿಯಲ್ಲಿ ಸಿರುಗುಪ್ಪದ ಕಾಲುವೆ ಗದ್ದೆಗಳ ಭತ್ತ ಹೇರಿಕೊಂಡು ಬರುತ್ತಿದ್ದೆವು. ಹೋಗುವಾಗ ಗಾಳಿ, ಬರುವಾಗ ಕಲ್ಲು ಎಂದು ಹಮಾಲರು ನಗುತ್ತಿದ್ದರು.

ಲಾರಿ ನಮ್ಮದಲ್ಲ, ಒಬ್ಬ ಸಾಹೇಬರದು. ಯುದ್ಧದ ಕಾಲದಲ್ಲಿ ಸೈನ್ಯದ ಲಾರಿ ಓಡಿಸಿ ಬರ್ಮಾದ ಕಡೆ ಹೋಗಿ ಬಂದವರು. ಯುದ್ಧ ಮುಗಿದ ಮೇಲೆ ಸರಕಾರ ಮಾರಿದ ಹಳೆಯ ಮಿಲಿಟರಿ ಲಾರಿಯೊಂದನ್ನು ಕೊಂಡು ತಾವೇ ಓಡಿಸುತ್ತಿದ್ದರು. ಸೋಮವಾರ ಒಂದು ಸಲ, ಶುಕ್ರವಾರ ಒಂದು ಸಲ ನಮ್ಮ ಮಾಲು ಹೇರುತ್ತಿದ್ದರು. ಉಳಿದ ದಿನ ಅಕ್ಕಿ, ಬೆಲ್ಲ, ಹತ್ತಿ, ಯಾರು ಕರೆದರೆ ಅವರದು. ಮಾಲಿನ ಜೊತೆ ನಾನು ಹೋಗುತ್ತಿದ್ದೆ, ಅವರ ಪಕ್ಕದಲ್ಲಿ ಕೂತು.

ಆ ಸೀಟಿನಲ್ಲಿ ಕೂತು ನಾನು ಕೇಳದ ಪ್ರಶ್ನೆ ಇಲ್ಲ. ಇಂಜಿನ್ನಿಗೆ ನೀರು ಯಾಕೆ? ದಿಬ್ಬ ಏರುವಾಗ ಅದು ಯಾಕೆ ನರಳುತ್ತದೆ? ಎರೆ ಮಣ್ಣಿನಲ್ಲಿ ಗಾಲಿ ಹೂತರೆ ಜೋರಾಗಿ ಓಡಿಸಬಾರದು ಅಂತೀರಲ್ಲ, ಯಾಕೆ? ಸಾಹೇಬರು ಒಂದಕ್ಕೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ.

"ಸಣ್ಣ ಸಾವಕಾರ್ರ, ನಮ್ಮ ಫೌಜಿನ ಕ್ಯಾಪ್ಟನ್ ಸುದ್ದಾ ಇಷ್ಟು ಸವಾಲ್ ಕೇಳಿದ್ದಿಲ್ಲ," ಎನ್ನುತ್ತಿದ್ದರು. ಆಮೇಲೆ ಲಾರಿ ನಿಲ್ಲಿಸಿ, ಮುಂದಿನ ಮುಚ್ಚಳ ಎತ್ತಿ, ಬೆರಳಿಟ್ಟು ತೋರಿಸುತ್ತಿದ್ದರು. ಕೊಳಗಲ್ಲು ದಾಟಿದ ಮೇಲೆ ರಸ್ತೆ ಖಾಲಿ ಇದ್ದರೆ ಸ್ಟಿಯರಿಂಗ್ ನನ್ನ ಕೈಗೆ ಕೊಟ್ಟು ಬೀಡಿ ಹಚ್ಚುತ್ತಿದ್ದರು. ಲಾರಿ ಓಡಿಸುವುದನ್ನು ನಾನು ಕಲಿತದ್ದು ಹಾಗೆ. ನಾವೇ ಒಂದು ಲಾರಿ ಇಟ್ಟರೆ ಹೇಗೆ ಎಂಬ ಆಸೆ ಹುಟ್ಟಿದ್ದೂ ಆ ಸೀಟಿನಲ್ಲೇ.

ನಾನು ಅಕ್ಕನ ಹಿಂದೆ ಬಿದ್ದೆ. ಬಾಡಿಗೆ ಲಾರಿ ಅಂದರೆ ಅವರು ಬಂದಾಗ ನಾವು ಸಿದ್ಧ ಇರಬೇಕು. ಶುಕ್ರವಾರ ಮಾಲು ಹೇರಿದ ಮೇಲೆ ಸಾಹೇಬರು ನಮಾಜಿಗೆ ಹೋಗಿ ಬರುವವರೆಗೆ ಕಾಯಬೇಕು. ಹತ್ತಿಯ ಕಾಲದಲ್ಲಿ ಲಾರಿಗಳಿಗೆ ಎಲ್ಲರೂ ಮುಗಿಬೀಳುತ್ತಾರೆ, ನಮ್ಮ ಹಗುರ ಮಾಲನ್ನು ಕೇಳುವವರಿಲ್ಲ. ಸ್ವಂತದ್ದಿದ್ದರೆ ಯಾರ ಹಂಗೂ ಇಲ್ಲ.

ಅಕ್ಕ ಅಕ್ಕಿ ಆರಿಸುತ್ತ ಕೇಳಿಸಿಕೊಂಡಳು. "ಎತ್ತು ನಿಂತ್ರೂ ಮೇವು ತಿಂತೈತಿ. ಲಾರಿ ನಿಂತ್ರ ಏನ್ ತಿಂತೈತಿ, ಹೇಳು."

"ಏನೂ ತಿನ್ನಂಗಿಲ್ಲಕ್ಕ. ಅದಾ ಅದರ ಚಲೋ ಗುಣ."

"ತಿನ್ನದ ನಿಂತಿರೂ ಪ್ರಾಣಿ ಎಲ್ಲೈತಲೇ? ನಿನ್ನ ನೋಡಿಲ್ಲೇನು ನಾನು, ಸುಮ್ನ ಕುಂತಾಗ ಜಾಸ್ತಿ ತಿಂತಿ."

ಒಲೆಯ ಮುಂದಿದ್ದ ಹೆಂಗಸರೆಲ್ಲ ನಕ್ಕರು. ನಾನು ಬೇರೆ ದಾರಿ ಹಿಡಿದೆ. "ಬಾಡಿಗಿ ಎತ್ತಿಗೂ ಮನಿ ಎತ್ತಿಗೂ ಫರಕ ಇಲ್ಲೇನಕ್ಕ? ಮನಿ ಎತ್ತು ಅಂದ್ರ ನಮ್ಮ ದನಿ ಕೇಳಿದ್ರ ಏಳತೈತಿ. ಲಾರೀನೂ ಹಂಗ ಮನಿ ಎತ್ತು ಇದ್ದಂಗ."

ಈ ಮಾತಿಗೆ ಅವಳು ಕೈ ನಿಲ್ಲಿಸಿದಳು. ಕೊಳಗಲ್ಲಿನಲ್ಲಿ ಅವಳ ಗಂಡನ ಮನೆಯಲ್ಲಿ ಒಂದು ಜೊತೆ ಎತ್ತಿದ್ದವು. ಆ ಮನೆಯಿಂದ ಬರುವಾಗ ಅವಳು ಅತ್ತದ್ದು ಆ ಎತ್ತುಗಳ ಹತ್ತಿರ ಮಾತ್ರ ಎಂದು ಅವ್ವ ಹೇಳುತ್ತಿದ್ದಳು. ಆದರೂ ಅಕ್ಕ ಹೂಂ ಎನ್ನಲಿಲ್ಲ. "ಸಾಹೇಬ ಏನ್ ತಪ್ಪು ಮಾಡ್ಯಾನ ಅಂತ ಬಿಡಿಸೂದು? ಒಂದರ ಚೀಲ ಕೆಡಿಸ್ಯಾನೇನು?" ಎಂದಳು.

ಅವಳು ಸುಮ್ಮನೆ ಕೇಳಿದ ಪ್ರಶ್ನೆ ಅದು. ನಾನು ಅದನ್ನು ಸುಮ್ಮನೆ ಬಿಡಲಿಲ್ಲ.

ಮುಂದಿನ ಶುಕ್ರವಾರ ಮಾಲು ಹೇರಿ ಆಗಿತ್ತು. ಸಾಹೇಬರು ಲಾರಿಯನ್ನು ಬಟ್ಟಿಯ ಮುಂದೆ ನೆರಳಿಗೆ ನಿಲ್ಲಿಸಿ, "ನೋಡ್ಕೊಂಡಿರ್ರಿ, ಹಿಂಗ್ ಹೋಗಿ ಹಂಗ್ ಬರ್ತೀನಿ," ಎಂದು ಹೆಗಲ ಮೇಲಿನ ಬಟ್ಟೆ ತಲೆಗೆ ಸುತ್ತಿಕೊಂಡು ಮಸೀದಿಯ ಕಡೆ ನಡೆದರು. ಒಲೆಯ ಹೆಂಗಸರು ಬುತ್ತಿ ಬಿಚ್ಚಲು ಹೋಗಿದ್ದರು. ಕೊಟ್ಟಿಗೆಯ ಮೂಲೆಯಲ್ಲಿ ಕಂದೀಲಿಗೆ ಹಾಕುವ ಚಿಮಣಿ ಎಣ್ಣೆಯ ಡಬ್ಬಿ ಇತ್ತು. ನಾನು ಅದನ್ನು ತಂದು, ಲಾರಿಯ ಹಿಂಭಾಗದಲ್ಲಿ ಕೆಳಗಿನ ಸಾಲಿನ ಚೀಲಗಳ ಬುಡಕ್ಕೆ, ಲಾರಿ ಹಾಳಾಗದಿರಲೆಂದು ಹಲಗೆಗೆ ತಾಗದಂತೆ ಗೋಣಿಯ ಮೂಲೆಗೆ ಮಾತ್ರ, ಸ್ವಲ್ಪ ಸ್ವಲ್ಪ ಸುರಿದೆ. ಗೋಣಿ ಬಾಯಾರಿದಂತೆ ಎಳೆದುಕೊಂಡಿತು. ಕೈಯನ್ನು ಬೂದಿಯಲ್ಲಿ ತಿಕ್ಕಿ ತೊಳೆದೆ. ಆಗ ನನಗೆ ಭಯವಾದ ನೆನಪಿಲ್ಲ. ಕುರುಗೋಡು ಮುಟ್ಟುವಷ್ಟರಲ್ಲಿ ವಾಸನೆ ಒಳಗೆ ಎಷ್ಟು ಇಳಿದಿರುತ್ತದೆ ಎಂದು ತಿಳಿಯುವ ಕುತೂಹಲವಿತ್ತು. ಅದನ್ನು ನೆನೆದರೇ ಈಗ ಹೆಚ್ಚು ನಾಚಿಕೆಯಾಗುತ್ತದೆ.

ಕುರುಗೋಡಿನ ನಮ್ಮ ಅಂಗಡಿಯವನು ಬಾಯಿಬಡುಕ. ಚೀಲ ಬಿಚ್ಚಿ ಒಂದು ಹಿಡಿ ಬಾಯಿಗೆ ಹಾಕಿಕೊಂಡವನು ಅಂಗಳಕ್ಕೆ ಓಡಿ ಉಗುಳಿದ.

"ಏನ್ರೀ ಸಾಹೇಬ್ರ, ಇದಕ್ಕ ಒಗ್ಗರಣಿ ಹಾಕೂದೇ ಬ್ಯಾಡ. ಕಡ್ಡಿ ಗೀರಿದ್ರ ಸಾಕು!"

ಕಟ್ಟೆಯ ಮೇಲೆ ಕೂತಿದ್ದವರೆಲ್ಲ ಹೋ ಎಂದರು. ಸಾಹೇಬರು ನಗಲಿಲ್ಲ. ಚೀಲ ಮೂಸಿದರು. ಲಾರಿ ಹತ್ತಿ ಹಲಗೆ ಮೂಸಿದರು. ಕೆಳಗೆ ತೂರಿ ಟ್ಯಾಂಕಿನ ಸುತ್ತ ಬೆರಳಾಡಿಸಿ ಬೆರಳು ಮೂಸಿದರು. "ಚಿಮಣಿ ಎಣ್ಣಿ ಡಬ್ಬ ನಾನು ಹೇರೇ ಇಲ್ರೀ. ಹೇರಂಗೇ ಇಲ್ಲ ನಾನು, ತಿನ್ನೂ ಮಾಲು ಒಯ್ಯೂ ಗಾಡಿ ಇದು," ಎಂದರು ಯಾರಿಗೋ ಎಂಬಂತೆ. ಆಮೇಲೆ ನನ್ನ ಕಡೆ ತಿರುಗಿ, "ನೀವಾ ಹೇಳ್ರಿ ಸಣ್ಣ ಸಾವಕಾರ್ರ," ಎಂದರು.

"ನನಗೇನ್ ಗೊತ್ರೀ, ಬ್ಯಾರೆ ದಿನ ನೀವು ಏನ್ ಹೇರತೀರೋ," ಎಂದೆ.

ಕಡ್ಡಿ ಗೀರುವ ಮಂಡಕ್ಕಿಯ ಮಾತು ನಮಗಿಂತ ಮುಂಚೆ ಸಿರುಗುಪ್ಪ ಮುಟ್ಟಿತೋ ಏನೋ. ಅಲ್ಲಿಯ ಅಕ್ಕಿ ಗಿರಣಿಯವರು, ಬೆಲ್ಲದವರು, ಬಳ್ಳಾರಿಯ ಹಿಟ್ಟಿನ ವ್ಯಾಪಾರಿಗಳು ಒಬ್ಬೊಬ್ಬರಾಗಿ ಸಾಹೇಬರ ಲಾರಿ ಬೇಡವೆಂದರು. ಯಾರೂ ಅವರ ಜೊತೆ ಜಗಳವಾಡಲಿಲ್ಲ. ಮರ್ಯಾದೆಯಿಂದಲೇ, ಈ ವಾರ ಮಾಲಿಲ್ಲ ಎಂದರು. ಅಕ್ಕನೂ ಹಾಗೆಯೇ ಅಂದಳು. ಅದನ್ನು ಹೇಳಲು ಕಳಿಸಿದ್ದು ನನ್ನನ್ನೇ. ಮುಂದೆ ಸಾಹೇಬರಿಗೆ ಸಿಕ್ಕಿದ್ದು ಕಟ್ಟಡದ ಕಲ್ಲು, ಸುಣ್ಣ, ಇಟ್ಟಿಗೆ. ಅವು ಲಾರಿಯ ಆಯಸ್ಸು ತಿನ್ನುವ ಮಾಲುಗಳು.

ಅಕ್ಕ ಕೂಡಿಟ್ಟದ್ದನ್ನೆಲ್ಲ ತೆಗೆದು ಲಾರಿ ಕೊಂಡಳು. ಅದೂ ಹಳೆಯ ಮಿಲಿಟರಿ ಲಾರಿಯೇ. ಲೈಸೆನ್ಸ್ ಇದ್ದ ಒಬ್ಬ ಡ್ರೈವರನ್ನು ಇಟ್ಟುಕೊಂಡೆವು, ದಾರಿಯಲ್ಲಿ ಬಹಳ ಮಟ್ಟಿಗೆ ಓಡಿಸುತ್ತಿದ್ದವನು ನಾನೇ. ಅಕ್ಕನಿಗೆ ಸಂತೋಷವಾಗಲಿ ಎಂದು ನಾನು ಬಣ್ಣದವನನ್ನು ಕರೆಸಿ ಲಾರಿಯ ಹಣೆಯ ಮೇಲೆ ಬಸವಣ್ಣನನ್ನು ಬರೆಸಿದೆ. ಮಲಗಿದ ಬಿಳಿ ನಂದಿ, ಕೊರಳಲ್ಲಿ ಗೆಜ್ಜೆ. ಅಕ್ಕ ಕಾಯಿ ಒಡೆದು, ವಿಭೂತಿ ಹಚ್ಚಿ, ಗಾಲಿಗಳಿಗೆ ನೀರು ಹಾಕಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು. ಅವಳ ಕಣ್ಣಲ್ಲಿ ನೀರಿತ್ತು. ಗೆದ್ದೆ ಎಂದುಕೊಂಡೆ.

ಮೊದಲ ಭಾನುವಾರ ಸಂಜೆ ನಾನು ಮರುದಿನದ ಮಾಲಿಗೆ ಚೀಲ ಹೊಲಿಸುತ್ತಿದ್ದೆ. ಅಕ್ಕ ಬಂದು, "ನಾಳಿ ಯಾವುದರಾಗ ಒಯ್ತಿ?" ಎಂದಳು.

"ಯಾವುದರಾಗ ಅಂದ್ರ? ನಮ್ಮ ಲಾರ್ಯಾಗ."

"ನಾಳಿ ಸೋಮವಾರಲೇ."

ನನಗೆ ಅರ್ಥವಾಗಲಿಲ್ಲ. ನಮ್ಮ ಕಡೆಯ ಒಕ್ಕಲು ಮನೆಗಳಲ್ಲಿ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಅದು ಬಸವಣ್ಣನ ವಾರ. ಎತ್ತು ಮೈ ತೊಳೆಸಿಕೊಂಡು, ಮೇವು ತಿಂದು, ಮಲಗಬೇಕು. ಇದು ನನಗೂ ಗೊತ್ತಿತ್ತು. ಆದರೆ ಲಾರಿ?

"ಅಕ್ಕ, ಅದು ಕಬ್ಬಿಣ."

"ಮನಿ ಎತ್ತು ಅಂತ ಅಂದಾಂವ ಯಾರು? ಹಣಿ ಮ್ಯಾಲೆ ಬಸವಣ್ಣನ್ನ ಕುಂದ್ರಿಸಿದಾಂವ ಯಾರು? ಆರು ದಿನ ಎತ್ತು, ಏಳನೇ ದಿನ ಕಬ್ಬಿಣ ಅಂದ್ರ ನಡಿತೈತೇನು?"

"ಸಾಹೇಬರ ಲಾರಿ ಸೋಮವಾರ ಓಡತಿತ್ತಲ್ಲ ನಮ್ಮ ಮಾಲು ಹೊತಗೊಂಡು?"

"ಅದು ಅವನ ಲಾರಿ. ಅದಕ್ಕ ಅವನ ಶುಕ್ರವಾರ ಐತಿ. ನಮ್ಮದಕ್ಕ ನಮ್ಮ ಸೋಮವಾರ."

ಡ್ರೈವರು ಬಾಯಿಗೆ ವಸ್ತ್ರ ಹಿಡಿದು ಹೊರಗೆ ಹೋದ. ಶುಕ್ರವಾರ ಮಧ್ಯಾಹ್ನ ಒಂದಿಷ್ಟು ಹೊತ್ತು ಕಾಯುವುದಕ್ಕೆ ಗೊಣಗಿದ ನಾನು ಈಗ ಸೋಮವಾರ ಇಡೀ ದಿನ ಕೈಕಟ್ಟಿ ಕೂರಬೇಕಾಯಿತು. ಸಿರುಗುಪ್ಪಕ್ಕೆ ಸುತ್ತಲಿನ ಹಳ್ಳಿಯವರು ವ್ಯಾಪಾರಕ್ಕೆ ಬರುತ್ತಿದ್ದದ್ದು ಮಂಗಳವಾರ. ಸೋಮವಾರ ಸಂಜೆಯೊಳಗೆ ಮಾಲು ಮುಟ್ಟಬೇಕು. ಭಾನುವಾರವೇ ಕಳಿಸಿ ನೋಡಿದೆವು. ಹೊಳೆ, ಕಾಲುವೆ, ನೀರು ನಿಂತ ಗದ್ದೆಗಳ ನಡುವಿನ ಊರು ಅದು. ಎರಡು ರಾತ್ರಿ ಅಲ್ಲಿ ಕಳೆದ ಮಂಡಕ್ಕಿ ಹಲ್ಲಿಗೆ ಮೆತ್ತುವಂತಾಯಿತು. ಅಂಗಡಿಯವರು, "ಇದನ್ನ ಮಾರಾಕ ಹಲ್ಲಿಲ್ಲದೋರಿಗೆ ಬ್ಯಾರೆ ಅಂಗಡಿ ಇಡಬೇಕ್ರಿ," ಎಂದು ತಿರುಗಿ ಕೊಟ್ಟರು.

ಲಾರಿ ನಿಂತಾಗ ಏನು ತಿನ್ನುತ್ತದೆ ಎಂಬುದೂ ಆ ತಿಂಗಳುಗಳಲ್ಲಿ ತಿಳಿಯಿತು. ಬಳ್ಳಾರಿಯ ಬಿಸಿಲಿನಲ್ಲಿ ನಿಂತ ಟೈರು ಸೀಳುತ್ತದೆ. ಬ್ಯಾಟರಿ ಸಾಯುತ್ತದೆ. ಡ್ರೈವರು ಕೂತು ಸಂಬಳ ತಿನ್ನುತ್ತಾನೆ. ವಾರದಲ್ಲಿ ನಮ್ಮ ಮಾಲು ಎರಡು ದಿನ. ಬೇರೆಯವರ ಮಾಲು ಹೇರೋಣವೆಂದರೆ ವಾಸನೆ ಹಿಡಿದೀತು ಎಂದು ಅಕ್ಕ ಬಿಡುತ್ತಿರಲಿಲ್ಲ. ಒಮ್ಮೆ ಮಳೆಗೆ ಕುರುಗೋಡಿನಾಚೆ ಎರೆಯಲ್ಲಿ ಹೂತುಕೊಂಡೆವು. ಸಾಹೇಬರ ಜೊತೆ ಇದ್ದಾಗ ಹೊಲಗಳಿಂದ ಜನ ಎತ್ತು ಹೊಡೆದುಕೊಂಡು ತಾವಾಗಿ ಬರುತ್ತಿದ್ದರು. ಸಾಹೇಬರ ಹಾರ್ನ್ ಅವರಿಗೆ ಗುರುತಿತ್ತು. ನಮ್ಮನ್ನು ನೋಡಿ ಒಬ್ಬಾತ ಬದುವಿನ ಮೇಲೆ ನಿಂತು, "ಸಾಹೇಬ್ರು ಎಲ್ಲಿ?" ಎಂದು ಕೇಳಿ ಹೋದ. ಅಂದು ಲಾರಿ ಮೇಲೇಳುವಷ್ಟರಲ್ಲಿ ಮಂಡಕ್ಕಿಯೆಲ್ಲ ನೀರು ಕುಡಿದಿತ್ತು.

ಕೊನೆಗೆ ಅಕ್ಕನೇ ಹೇಳಿದಳು. "ಸೋಮವಾರಕ್ಕ ಬಾಡಿಗಿ ಲಾರಿ ನೋಡು."

ಹತ್ತಿಯ ಕಾಲ. ಎಲ್ಲ ಲಾರಿಗಳೂ ಹತ್ತಿ ಹೇರುತ್ತಿದ್ದವು. ಬಿಡುವಾಗಿ ನಿಂತಿದ್ದದ್ದು ಒಂದೇ ಲಾರಿ. ಅದು ಯಾಕೆ ಬಿಡುವಾಗಿತ್ತೆಂದು ನನಗಿಂತ ಚೆನ್ನಾಗಿ ತಿಳಿದವರಿರಲಿಲ್ಲ.

ಲಾರಿಗಳು ನಿಲ್ಲುವ ಬಯಲಿಗೆ ನಾನು ಹೋದಾಗ ಸಾಹೇಬರು ಗಾಲಿ ಬಿಚ್ಚಿಟ್ಟುಕೊಂಡು ಕೂತಿದ್ದರು. ಸುಣ್ಣದಿಂದ ಅವರ ಕೈಗಳು ಒಡೆದಿದ್ದವು. ಲಾರಿ ಮಾರಲು ಗಿರಾಕಿ ನೋಡುತ್ತಿದ್ದಾರೆಂದು ಪಕ್ಕದವರು ಹೇಳಿದ್ದರು. ನಾನು ಬಂದ ಕೆಲಸ ಹೇಳಿದೆ. ಅವರು ಕೈಯನ್ನು ಬಟ್ಟೆಗೆ ಒರೆಸಿಕೊಂಡರು.

"ಬಾಡಿಗಿ ಎಷ್ಟರ ಕೊಡ್ರಿ. ಆದ್ರ ಒಂದು ಮಾತು. ಅಕ್ಕಾರು ಇಲ್ಲಿಗೆ ಬರಬೇಕು. ಈ ಎಲ್ಲಾರ ಮುಂದ ನನ್ನ ಗಾಡಿ ಮೂಸಿ ನೋಡಬೇಕು. ವಾಸನಿ ಐತಿ ಅಂದ್ರ ನಾನು ಮಾರ್ಕೊಂಡು ಹೋಗ್ತೀನಿ."

ಅಕ್ಕ ಬರಲಾರಳೆಂದೇ ನಾನು ನಂಬಿದ್ದೆ. ಹಮಾಲರು, ಡ್ರೈವರುಗಳು ತುಂಬಿದ ಬಯಲು ಅದು. ಹೆಂಗಸರು ಆ ಕಡೆ ತಲೆಹಾಕುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಅವಳು ತಲೆಯ ಮೇಲೆ ಸೆರಗು ಹೊದ್ದು ನನಗಿಂತ ಮುಂದೆ ನಡೆದಳು. ಯಾರೋ ಹಿಂದಿನಿಂದ, "ಮಂಡಕ್ಕಿ ಅಮ್ಮ ಲಾರಿ ಲೈಸೆನ್ಸಿಗೆ ಬಂದಾಳ," ಎಂದ. ಅಕ್ಕ ನಿಂತು, "ಹೌದೋ, ನಿನ್ನ ಕ್ಲೀನರ್ ಇಟ್ಕೋತೀನಿ, ಬಾ," ಎಂದಳು. ಬಯಲೆಲ್ಲ ನಕ್ಕಿತು.

ಒಂದು ಮೂಟೆಯ ಮೇಲೆ ಕಾಲಿಟ್ಟು ಅವಳು ಲಾರಿ ಹತ್ತಿದಳು. ಮೊಳಕಾಲೂರಿ, ಹಲಗೆಯಿಂದ ಹಲಗೆಗೆ ಮುಖ ತಂದು ಮೂಸಿದಳು. ಸಂದಿಗಳಲ್ಲಿ ಉಗುರಿನಿಂದ ಕೆರೆದು ಮೂಸಿದಳು. ಸೀರೆಗೆಲ್ಲ ಸುಣ್ಣ. ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಹೇಳಿದಳು:

"ಸುಣ್ಣ ಐತಿ, ಬೆಲ್ಲ ಐತಿ, ಹಳೇ ಭತ್ತದ ಧೂಳೈತಿ. ಚಿಮಣಿ ಎಣ್ಣಿ ಇಲ್ಲ. ಎಣ್ಣಿ ಹಲಗಿಗೆ ಇಳಿದ್ರ ಇಷ್ಟು ದಿನದಾಗ ಹೋಗೂದಿಲ್ಲ, ನಮ್ಮ ಕಂದೀಲು ಇಡೂ ಹಲಗಿ ನೋಡೀನಿ ನಾನು. ಈಗಿಲ್ಲ ಅಂದ್ರ ಅವತ್ತೂ ಇದ್ದಿಲ್ಲ."

ಸಾಹೇಬರು ತಲೆ ತಗ್ಗಿಸಿದರು. ಅಕ್ಕ ಮೇಲಿನಿಂದಲೇ ನನ್ನನ್ನು ನೋಡಿದಳು. ಅವಳ ಮುಖದಲ್ಲಿ ಸಂಶಯವಿರಲಿಲ್ಲ. ತಿಳಿಯಬೇಕೆಂಬ ಆಸೆ ಇತ್ತು, ಅಷ್ಟೇ. "ಹಂಗಾದ್ರ ಆ ಎಣ್ಣಿ ಎಲ್ಲಿಂದ ಬಂತಲೇ ತಮ್ಮಾ?"

ಬಯಲಿನ ಮಂದಿಯೆಲ್ಲ ನನ್ನ ಬಾಯಿ ನೋಡುತ್ತಿದ್ದರು. ನಾಲಿಗೆಯ ತುದಿಯಲ್ಲಿ ನಿಜವಿತ್ತು. ಹೊರಗೆ ಬಂದದ್ದು ಇದು: "ನಮ್ಮ ಕೊಟ್ಟಿಗ್ಯಾಗ ಎಣ್ಣಿ ಡಬ್ಬಿ ಉರುಳಿತ್ತಕ್ಕ. ಚೀಲದ ಬುಡಕ್ಕ ಹೋಗಿರಬೇಕು. ನಾನು ಲಕ್ಷ್ಯ ಕೊಡಲಿಲ್ಲ."

ಅಕ್ಕ ಕೆಳಗಿಳಿದು, ಅಷ್ಟು ಜನರ ಮುಂದೆ ಸಾಹೇಬರಿಗೆ ಕೈ ಮುಗಿದಳು. "ನಮ್ಮ ಮನಿ ತಪ್ಪು. ನಿಮ್ಮ ಮ್ಯಾಲೆ ಬಂತು," ಎಂದಳು. ವಾರದೊಳಗೆ ಬೆಲ್ಲದವರು ತಿರುಗಿ ಬಂದರು, ತಿಂಗಳೊಳಗೆ ಅಕ್ಕಿಯವರು. ಸಾಹೇಬರ ಹೆಸರು ಬಳ್ಳಾರಿಯಲ್ಲಿ ಸರಿಹೋಯಿತು. ನನ್ನದಕ್ಕೆ ಏನೂ ಆಗಲಿಲ್ಲ. ಕೈತಪ್ಪು ಯಾರಿಗೆ ಆಗುವುದಿಲ್ಲ?

ಮೊದಲ ಸೋಮವಾರ ಸಾಹೇಬರ ಪಕ್ಕದಲ್ಲಿ ಕೂತು ಹೊರಟೆ. ಕೊಳಗಲ್ಲು ದಾಟಿದ ಮೇಲೆ ಅವರು ರಸ್ತೆ ನೋಡುತ್ತಲೇ, ಇಂಜಿನ್ನಿನ ವಿಷಯ ಕೇಳುವಂತೆ ಕೇಳಿದರು:

"ಎಷ್ಟು ಹಾಕಿದ್ರಿ?"

ನಾನು ಹೊರಗಿನ ಹೊಲಗಳ ಕಡೆ ಮುಖ ತಿರುಗಿಸಿದೆ.

"ಬಹಳ ದಿನ ತಲಿ ಕೆಡಿಸ್ಕೊಂಡೀನ್ರಿ. ಉರುಳಿದ ಎಣ್ಣಿ ನೆಲದಾಗ ಹರಿತೈತಿ, ಅಲ್ಲಿದ್ದ ಒಂದೆರಡು ಚೀಲಕ್ಕ ಹತ್ತತೈತಿ. ಇಲ್ಲಿ ಹಿಂದಿನ ಸಾಲು ಪೂರಾ, ಒಂದೊಂದು ಚೀಲದ್ದು ಒಂದೊಂದಾ ಮೂಲಿ. ಎಷ್ಟು ಹಾಕಿದ್ರಿ, ಅದನ್ನ ತಿಳಕೋಬೇಕು ಅಂತ, ಅಷ್ಟಾ."

"ಅರ್ಧ ಡಬ್ಬಿ," ಎಂದೆ.

ಅವರು ತಲೆಯಾಡಿಸಿದರು, ಲೆಕ್ಕ ಕೂಡಿದವರಂತೆ. "ಯಾಕ?"

"ನಮ್ಮದೂ ಒಂದು ಲಾರಿ ಆಗಲಿ ಅಂತ."

"ನನಗ ಹೇಳಿದ್ರ ನಾನಾ ಒಂದು ಚಲೋ ಗಾಡಿ ನೋಡಿ ಕೊಡಸ್ತಿದ್ದೆ."

ಕುರುಗೋಡಿನಲ್ಲಿ ಅಂಗಡಿಯ ಮುಂದೆ ನಿಲ್ಲಿಸಿ ಅವರು ಹಾರ್ನ್ ಹೊಡೆದರು. ಬಾಯಿಬಡುಕ ಹೊರಗೆ ಬಂದ. "ಬಂದ್ರೇನು! ಕಡ್ಡಿ ಪೆಟ್ಟಿಗಿ ತರಲೇನು?" ಎಂದ. ಸಾಹೇಬರು ನನಗೆ ಮಾತ್ರ ಕೇಳುವಂತೆ ಹೇಳಿದರು: "ಹಾಸ್ಯ ಹುಟ್ಟಿದ್ದು ಇಲ್ಲಿ. ಇಲ್ಲಿಂದ ಅದು ಸಿರುಗುಪ್ಪಕ್ಕ ಹೋತು, ಇನ್ನೂ ಎಲ್ಲೆಲ್ಲಿ ಹೋಗೈತೋ. ಬಳ್ಳಾರ್ಯಾಗ ನೀವು ಏನ್ ಹೇಳಿದ್ರೋ ಬಿಡ್ರಿ. ಇಲ್ಲಿ ಖರೆ ಹೇಳ್ರಿ."

ನಾನು ಇಳಿದೆ. ಕಟ್ಟೆಯ ಮೇಲೆ ಅಂದಿನ ಜನವೇ ಕೂತಿದ್ದರು. ಹೇಳುವುದಕ್ಕೇ ಬಾಯಿ ತೆರೆದೆ. ಡಬ್ಬಿ ಉರುಳಿತ್ತು ಎಂಬ ಕಥೆಯೇ ಮತ್ತೆ ಬಂತು. ಈ ಸಲ ಇನ್ನಷ್ಟು ಸಲೀಸಾಗಿ ಬಂತು, ಒಂದು ಬೆಕ್ಕೂ ಸೇರಿಕೊಂಡಿತು. ಅಂಗಡಿಯವನು ನಕ್ಕು, "ಬೆಕ್ಕಿಗೆ ಮಂಡಕ್ಕಿ ಕೊಟ್ಟು ಸಾಕ್ರಿ," ಎಂದ. ಮಾತು ಅಲ್ಲಿಗೆ ಮುಗಿಯಿತು. ಲಾರಿ ಹತ್ತಲು ಬಂದಾಗ ನನ್ನ ಕಡೆಯ ಬಾಗಿಲು ಒಳಗಿನಿಂದ ಹಾಕಿತ್ತು.

"ಹಿಂದ ಕುಂದರ್ರಿ," ಎಂದರು ಸಾಹೇಬರು. ದನಿಯಲ್ಲಿ ಸಿಟ್ಟಿರಲಿಲ್ಲ.

ಅಂದಿನಿಂದ ನಾನು ಚೀಲಗಳ ಮೇಲೆ ಕೂತು ಹೋಗಿ ಬಂದೆ. ಅವರು ಮಾಲನ್ನು ಹೊತ್ತಿಗೆ ಸರಿಯಾಗಿ ಮುಟ್ಟಿಸಿದರು, ಕರೆದಾಗ ಬಂದರು, ಮರ್ಯಾದೆ ಬಿಡಲಿಲ್ಲ. ಅಕ್ಕನ ಕಿವಿಗೆ ಒಂದು ಮಾತೂ ಹಾಕಲಿಲ್ಲ. ಒಮ್ಮೆ ಇಂಜಿನ್ ವಿಚಿತ್ರವಾಗಿ ಸದ್ದು ಮಾಡಿದಾಗ ನಾನು ತಡೆಯಲಾರದೆ ಇಳಿದು ಹೋಗಿ, ಅದು ಯಾಕೆ ಹಾಗೆ ಎಂದು ಕೇಳಿದೆ. "ಮಶೀನು, ಹಂಗ ಮಾಡ್ತೈತಿ," ಎಂದು ಮುಚ್ಚಳ ಹಾಕಿದರು.

ವರ್ಷ ತುಂಬುವ ಮುಂಚೆ ಅಕ್ಕ ನಮ್ಮ ಲಾರಿಯನ್ನು ಹತ್ತಿ ವ್ಯಾಪಾರಿಯೊಬ್ಬನಿಗೆ ಮಾರಿದಳು. ಮನೆಯ ಎತ್ತನ್ನು ಮಾರುವುದು ಅವಳಿಗೆ ಒಗ್ಗದ ಮಾತು. ಅದಕ್ಕೇ ಮಾರುವ ಹಿಂದಿನ ದಿನ ಬಸವಣ್ಣನ ಚಿತ್ರಕ್ಕೆ ಪೂಜೆ ಮಾಡಿ, ಅದರ ಮೇಲೆ ಬಣ್ಣ ಬಳಿಸಿ, "ಇನ್ನ ಇದು ಬರೇ ಲಾರಿ," ಎಂದಳು. ಎಲ್ಲ ಮಾಲೂ ಸಾಹೇಬರಿಗೇ ಹೋಯಿತು. ಶುಕ್ರವಾರದ ಮಾಲನ್ನು ಅವರ ನಮಾಜು ಮುಗಿದ ಮೇಲೆ ಹೇರುವಂತೆ ಅವಳೇ ಹೊತ್ತು ಬದಲಾಯಿಸಿದಳು. ಮೊದಲೇ ಇದು ಯಾಕೆ ಹೊಳೆಯಲಿಲ್ಲ ಎಂದು ತಾನೇ ನಕ್ಕಳು. ತನ್ನ ಲಾರಿಯ ಆಸೆ ತಪ್ಪಾಗಿತ್ತು ಎಂದು ಕೊನೆಯವರೆಗೂ ಹೇಳಿಕೊಳ್ಳುತ್ತಿದ್ದಳು. ತನ್ನದು ಎನ್ನುತ್ತಿದ್ದಳು. ನಾನು ತಿದ್ದಲಿಲ್ಲ.

ಅಕ್ಕ ತೀರಿಕೊಂಡು ಬಹಳ ವರ್ಷಗಳಾದವು. ಅದಕ್ಕಿಂತ ಮುಂಚೆಯೇ ಸಾಹೇಬರು ಕಣ್ಣು ಮಂಜಾಗಿ ಲಾರಿ ಬಿಟ್ಟು, ಮಗನ ಜೊತೆ ಊರು ಬಿಟ್ಟಿದ್ದರು. ಹೋಗುವಾಗ ಅಕ್ಕನಿಗೆ ಹೇಳಿ ಹೋದರು. ನಾನು ಮನೆಯಲ್ಲಿರಲಿಲ್ಲ.

ಹೋದ ತಿಂಗಳು ಬಸ್ಸು ಹತ್ತಿ ಕುರುಗೋಡಿಗೆ ಹೋಗಿದ್ದೆ. ಆ ಅಂಗಡಿ ಇನ್ನೂ ಇದೆ. ಈಗ ಕೂರುವವನು ಬಾಯಿಬಡುಕನ ಮೊಮ್ಮಗ. ಕಡ್ಡಿ ಗೀರುವ ಮಂಡಕ್ಕಿಯ ಕಥೆ ಗೊತ್ತೇ ಎಂದು ಕೇಳಿದೆ. ಗೊತ್ತು, ನಮ್ಮಜ್ಜ ಯಾವಾಗಲೂ ಹೇಳುತ್ತಿದ್ದ ಎಂದು ನಗುತ್ತ ಅವನೇ ಹೇಳಿದ. ಅವನ ಕಥೆಯಲ್ಲಿ ಬೆಕ್ಕು ಇರಲಿಲ್ಲ, ಉರುಳಿದ ಡಬ್ಬಿಯೂ ಇರಲಿಲ್ಲ. ಒಬ್ಬ ಲಾರಿ ಸಾಹೇಬ, ಅವನ ಹೊಲಸು ಲಾರಿ, ಎಣ್ಣೆ ನಾರುವ ಮಂಡಕ್ಕಿ, ಅಷ್ಟೇ ಉಳಿದಿತ್ತು.

ಗಿರಾಕಿಗಳು ನಿಂತಿದ್ದರು. ಅವರ ಮುಂದೆಯೇ ಹೇಳಿದೆ. ಲಾರಿ ಸ್ವಚ್ಛವಾಗಿತ್ತು, ಎಣ್ಣೆ ಸುರಿದವನು ನಾನು, ಬೇಕೆಂದೇ ಸುರಿದೆ ಎಂದೆ. ಒಬ್ಬ ಹೆಂಗಸು ತನ್ನ ಚೀಲ ಎತ್ತಿಕೊಂಡು ಹೋದಳು. ಹುಡುಗ ತಕ್ಕಡಿ ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಅಜ್ಜಾರ, ಇದನ್ನ ನನಗ ಹೇಳಿದ್ರ ಏನ್ ಬಂತ್ರೀ? ಆ ಸಾಹೇಬರ ಮಕ್ಕಳು ಮೊಮ್ಮಕ್ಕಳು ಎಲ್ಲಿ ಅದಾರ?"

ಗೊತ್ತಿಲ್ಲ ಎಂದೆ. ಗೊತ್ತಿರುವುದು ಅವರ ಮಗ ಆಂಧ್ರದ ಕಡೆ ಹೋದ ಎಂಬುದು ಮಾತ್ರ. ಬಳ್ಳಾರಿಯಲ್ಲಿ ಲಾರಿ ನಿಲ್ಲುವ ಕಡೆಗಳಿಗೆ ಈಗ ದಿನಾ ಬೆಳಿಗ್ಗೆ ಹೋಗುತ್ತೇನೆ. ವಯಸ್ಸಾದ ಡ್ರೈವರು ಯಾರಾದರೂ ಸಿಕ್ಕರೆ ಕೂತು ಕೇಳುತ್ತೇನೆ. ಇದುವರೆಗೆ ಯಾರೂ ಹೌದು ಎಂದಿಲ್ಲ. ನಿನ್ನೆ ಒಬ್ಬ, ಗಡಿಯಾಚೆ ಆದೋನಿಯಲ್ಲಿ ವಿಚಾರಿಸಿ ನೋಡಿ ಎಂದ. ಕಾಲು ಒಪ್ಪಿದರೆ ಈ ವಾರ ಹೊರಡಬೇಕು.